ಬಿಡುವು ಕೊಟ್ಟ ಕಾರು

ನಿನ್ನೆ ಸಂಜೆ ಕೋಲಾರದ ಪೇಟೆಯಿಂದ ಎರಡಾಣೆ ಕಾಫಿಪುಡಿ ಕಟ್ಟಿಸಿಕೊಂಡು ಬಂದೆ. ಅಂಗಡಿಯವನು ಕಟ್ಟಿಕೊಟ್ಟದ್ದು ಹಳೆಯ ಪತ್ರಿಕೆಯ ತುಂಡಿನಲ್ಲಿ. ಪುಡಿಯನ್ನು ಡಬ್ಬಿಗೆ ಸುರಿದ ಮೇಲೆ ಆ ತುಂಡನ್ನು ಎರಡೂ ಕಡೆ ಓದಿ ಎಸೆಯುವುದು ನನ್ನ ಚಾಳಿ. ಯಾವಾಗಲೂ ಅರ್ಧ ಸುದ್ದಿ ಸಿಗುತ್ತದೆ; ಉಳಿದರ್ಧ ಬೇರೆ ಯಾರದೋ ಮನೆಗೆ ಮೆಣಸಿನಪುಡಿಯ ಜೊತೆ ಹೋಗಿರುತ್ತದೆ. ನಿನ್ನೆಯ ತುಂಡಿನಲ್ಲಿ ಮಾತ್ರ ಒಂದು ಜಾಹೀರಾತು ಇಡಿಯಾಗಿ ಉಳಿದಿತ್ತು: ‘ಮಾರಾಟಕ್ಕಿದೆ. ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಹೆಚ್ಚು ಓಡಿಲ್ಲ. ಬೆಲೆ ನ್ಯಾಯವಾದದ್ದು.’

ಓದಿದವನೇ ಆ ಕಾಗದವನ್ನು ಮುದುಡಿ ಒಲೆಗೆ ತುರುಕಿದೆ. ಕಾಫಿಗೆ ಇಟ್ಟ ನೀರಿಗಿಂತ ಮುಂಚೆ ನಾನು ಕುದಿಯುತ್ತಿದ್ದೆ. ಹೆಚ್ಚು ಓಡಿಲ್ಲವಂತೆ! ಓಡಬೇಕಾದದ್ದು ಓಡದೆ ನಿಂತಿದ್ದರೆ ಅದನ್ನೊಂದು ಗುಣವೆಂದು ಅಚ್ಚು ಹಾಕಿಸುವವರಿಗೆ ನಾಚಿಕೆ ಬೇಡವೇ? ಬೆಲೆ ನ್ಯಾಯವಾದದ್ದಂತೆ! ಯಾರಿಗೆ ನ್ಯಾಯ, ಯಾರು ಕೂತು ತೀರ್ಮಾನ ಮಾಡಿದ್ದು? ಎಲ್ಲೋ ಯಾರೋ ಕಾರು ಮಾರಿಕೊಂಡರೆ ಬಾಡಿಗೆ ಕೋಣೆಯಲ್ಲಿರುವ ಈ ಗುಮಾಸ್ತನಿಗೇನು ಸಂಕಟ ಎಂದು ನೀವು ಕೇಳಬಹುದು. ಹೇಳುತ್ತೇನೆ. ಹೇಳಿಕೊಳ್ಳದಿದ್ದರೆ ನಾಳೆಯ ಕಾಫಿಯೂ ಕೆಡುತ್ತದೆ.

ಮೊದಲು ನನ್ನ ವಿಚಾರ. ನಾನು ಎಣಿಸುವ ಪೈಕಿ. ನನಗೀಗ ಇಪ್ಪತ್ತೆರಡು ವರ್ಷ. ಹನ್ನೊಂದನೆಯ ವಯಸ್ಸಿನಿಂದ ಡೈರಿ ಬರೆಯುತ್ತಿದ್ದೇನೆ. ಎಷ್ಟನೆಯ ತಾರೀಖು ಮೊದಲ ಮಳೆ ಬಂತು, ಶಾಲೆಯಲ್ಲಿ ಹೆಡ್‌ಮಾಸ್ಟರು ವಾರಕ್ಕೆ ಎಷ್ಟು ಸಲ ಕನ್ನಡಕ ಮರೆತರು, ನಾನು ಇದುವರೆಗೆ ಎಷ್ಟು ಕೊಡೆ ಕಳೆದುಕೊಂಡೆ (ನಾಲ್ಕು, ಅದರಲ್ಲಿ ಒಂದು ನನ್ನದಲ್ಲ), ಎಲ್ಲಕ್ಕೂ ಲೆಕ್ಕವಿದೆ. ಇದರಿಂದ ಯಾರಿಗೂ ಒಂದು ಕಾಸಿನ ಉಪಯೋಗವಾಗಿಲ್ಲ. ಒಬ್ಬರಿಗೆ ಆಯಿತು, ಅದನ್ನೇ ಹೇಳಲು ಹೊರಟಿದ್ದೇನೆ.

ನಮ್ಮೂರು ವಕ್ಕಲೇರಿ. ಅಪ್ಪ ಅಮ್ಮ ಅಲ್ಲಿ ಹೊಲ, ಹಸು ಎಂದು ಮುಳುಗಿದ್ದರು. ನಾನು ಬೆಳೆದದ್ದು ಶ್ರೀನಿವಾಸಪುರದಲ್ಲಿ, ಚಿಕ್ಕಪ್ಪ ಮುನಿಶಾಮಪ್ಪನವರ ಮನೆಯಲ್ಲಿ. ಚಿಕ್ಕಪ್ಪನದು ಮಾವಿನ ವ್ಯಾಪಾರ. ಮನೆಯ ಹಿಂದೆ ಇಪ್ಪತ್ತೆರಡು ಮಾವಿನ ಗಿಡಗಳ ಒಂದು ತೋಪಿತ್ತು. ಅದು ಚಿಕ್ಕಮ್ಮನದು, ಮದುವೆಯಲ್ಲಿ ಅವರ ತಂದೆ ಕೊಟ್ಟದ್ದು. ಗಿಡವೆಂದರೆ ಚಿಕ್ಕವಲ್ಲ, ಇಬ್ಬರು ತಬ್ಬಿದರೂ ಕೈ ಕೂಡುತ್ತಿರಲಿಲ್ಲ; ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಮಾವಿನದು ಗಿಡವೇ. ನನಗೆ ಹನ್ನೊಂದಾದಾಗ ಚಿಕ್ಕಪ್ಪ ಒಂದು ಉದ್ದ ನೋಟುಪುಸ್ತಕ ಕೊಟ್ಟು, “ಲೇ ಸೀನ, ಸುಮ್ನೆ ಮಂಗನ್ ತರ ಹತ್ತಿ ಇಳಿಯೋದಲ್ಲ, ಯಾವ ಗಿಡ ಎಷ್ಟು ಬಿಡ್ತು ಅಂತ ಬರ್ಕೊಳ್ಳೋ” ಎಂದರು. ಸುಣ್ಣದಲ್ಲಿ ಒಂದರಿಂದ ಇಪ್ಪತ್ತೆರಡರವರೆಗೆ ನಂಬರು ಹಾಕಿದೆ. ಎಂಟು ವರ್ಷ ಬರೆದೆ. ಕಾಯಿಯ ಸೊನೆ ತಾಗಿ ತುಟಿ ಸುಟ್ಟುಕೊಂಡು, ಅದೇ ಕೈಯಲ್ಲಿ ಕಣ್ಣುಜ್ಜಿ, ಒಂದೇ ಕಣ್ಣಿನಲ್ಲಿ ನೋಡುತ್ತ ಬರೆದ ಪುಟಗಳೂ ಅದರಲ್ಲಿವೆ. ಅಕ್ಷರ ಮಾತ್ರ ಒಂದೂ ಸೊಟ್ಟಗಿಲ್ಲ.

ಆ ಪುಸ್ತಕ ನೋಡಿದರೆ ಯಾರಿಗಾದರೂ ತಿಳಿಯುವ ಸಂಗತಿ ಒಂದಿತ್ತು. ಗಿಡ ಒಂದು ವರ್ಷ ಬಾಗಿ ಬಿಡುತ್ತದೆ, ಮರುವರ್ಷ ಸುಮ್ಮನಿರುತ್ತದೆ, ಅದರ ಮರುವರ್ಷ ಮತ್ತೆ ಬಾಗುತ್ತದೆ. ನಡುವಿನ ಆ ವರ್ಷಕ್ಕೆ ನಮ್ಮ ಮನೆಯಲ್ಲಿ ‘ಬಿಡುವಿನ ವರ್ಷ’ ಎನ್ನುತ್ತಿದ್ದರು. ಬಿಡುವು ಕೊಟ್ಟ ಗಿಡ ಮುಂದಿನ ಸಲ ಕೊಂಬೆ ಮುರಿಯುವಷ್ಟು ಬಿಡುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ. ನಮ್ಮ ಮನೆ ಕೆಟ್ಟದ್ದು ಈ ಮಾತಿನಿಂದಲೇ.

ಚಿಕ್ಕಪ್ಪ ತೋಪು ಕೊಳ್ಳುವ ರೀತಿಯನ್ನೂ ಹೇಳಬೇಕು. ನಮ್ಮಲ್ಲಿ ತೋಪು ಮಾರುವುದು ಕಾಯಲ್ಲಿ ಅಲ್ಲ, ಹೂವಿನಲ್ಲಿ. ಮಾಘದಲ್ಲಿ ಗಿಡವೆಲ್ಲ ಹೂವಾಗಿ, ಜೇನುಹುಳದ ಸದ್ದಿಗೆ ಮಾತು ಕೇಳಿಸದಂತಾಗುವ ಹೊತ್ತಿಗೆ ವ್ಯಾಪಾರಿ ಬರುತ್ತಾನೆ. ಬಂದವನು ತೋಪನ್ನು ಒಂದು ಸುತ್ತು ಬರುತ್ತಾನೆ. ಒಂದೇ ಸುತ್ತು. ಗಿಡ ಮುಟ್ಟುವಂತಿಲ್ಲ, ಏನೂ ಕೇಳುವಂತಿಲ್ಲ. ಕೇಳಿದರೆ ಅವನಿಗೆ ಕಣ್ಣಿಲ್ಲವೆಂದು ಅರ್ಥ. ಸುತ್ತು ಮುಗಿಸಿ ಒಂದು ಮಾತು ಹೇಳುತ್ತಾನೆ. ಒಪ್ಪಿಗೆಯಾದರೆ ತೋಪಿನವನು ಎಲೆ ಅಡಿಕೆ ಕೊಡುತ್ತಾನೆ. ಇಲ್ಲವಾದರೆ ಕುಡಿಯಲು ನೀರು ಕೊಡುತ್ತಾನೆ. ಎರಡನೆಯ ಮಾತಿಲ್ಲ. ಚಿಕ್ಕಪ್ಪ ಹೀಗೆ ಸುತ್ತು ಬಂದು “ನಲವತ್ತು ಗಾಡಿ” ಎಂದರೆ ಜ್ಯೇಷ್ಠದಲ್ಲಿ ನಲವತ್ತೇ ಗಾಡಿ ಇಳಿಯುತ್ತಿತ್ತು. ಎಂಟು ವರ್ಷದಲ್ಲಿ ಅವರ ಅಂದಾಜು ತಪ್ಪಿದ್ದು ಒಂದೇ ಸಲ, ಅದೂ ಆಲಿಕಲ್ಲು ಬಿದ್ದು. ಅವರು ದಡ್ಡರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅಷ್ಟು ಚೆನ್ನಾಗಿ ನೋಡಬಲ್ಲ ಕಣ್ಣು ಅದೊಂದು ದಿನ ಏನನ್ನೂ ನೋಡಲಿಲ್ಲವಲ್ಲ!

ಹಳೆಯ ಗಾಡಿ ಕೊಂಡು ಮೋಸಹೋದವರನ್ನು ನಾನು ಮೊದಲೂ ಕಂಡಿದ್ದೆ. ಹುತ್ತೂರಿನ ಮೇಷ್ಟ್ರೊಬ್ಬರು ಹಳೆಯ ಸೈಕಲ್ ಕೊಳ್ಳುವಾಗ ಬೆಲ್ಲು ಬಾರಿಸಿ ನೋಡಿ ಕೊಂಡರು. ಬೆಲ್ಲು ಬಹಳ ಚೆನ್ನಾಗಿತ್ತು. ಉಳಿದ ಭಾಗಗಳಿಂದ ಬರುವ ಸದ್ದಿಗೆ ಆಮೇಲೆ ಬೆಲ್ಲು ಬಾರಿಸುವ ಅಗತ್ಯವೇ ಬೀಳಲಿಲ್ಲ. ಆಗ ಬಿದ್ದು ಬಿದ್ದು ನಕ್ಕಿದ್ದೆ. ಈಗ ನಗುವುದಿಲ್ಲ.

ಯುದ್ಧ ಮುಗಿದ ಮರುವರ್ಷ. ಚಿಕ್ಕಪ್ಪನಿಗೆ ಕಾರಿನ ಹುಚ್ಚು ಹಿಡಿದಿತ್ತು. ಅದಕ್ಕೆ ಕಾರಣ ಹಳೆಯದು. ಒಮ್ಮೆ ಮುಳಬಾಗಿಲಿನ ರಸ್ತೆಯಲ್ಲಿ ಅವರ ಎತ್ತಿನ ಗಾಡಿಯ ಪಕ್ಕದಲ್ಲಿ ಚಿನ್ನದ ಗಣಿ ಕಡೆಯ ಒಬ್ಬ ದೊರೆ ಹಸಿರು ಬಣ್ಣದ ಎರಡು ಸೀಟಿನ ಕಾರಿನಲ್ಲಿ ಸುಂಯ್ಯೆಂದು ಹೋದನಂತೆ. ಮೇಲೆ ಚಾವಣಿ ಇಲ್ಲ, ಮೂತಿಗೆ ತೊಗಲಿನ ಪಟ್ಟಿ, ಚಕ್ರಕ್ಕೆ ತಂತಿಯ ಕಡ್ಡಿಗಳು. ಹೋದ ಮೇಲೆ ಎದ್ದ ಧೂಳು ಚಿಕ್ಕಪ್ಪನ ಪೇಟದ ಮೇಲೆ ಕೂತಿತು. ಊರಿಗೆ ಬಂದು ಪೇಟ ಒದರಿದರು, ಆದರೆ ಆ ಧೂಳು ಹೋಗಲಿಲ್ಲ. ಅದೇ ಕಾರು ಕೈ ಬದಲಾಗಿ ಮುಳಬಾಗಿಲಿನ ಹಣ್ಣಿನ ಮಂಡಿಯ ನಾರಾಯಣಪ್ಪನವರ ಹತ್ತಿರ ಇದೆ, ಕೊಡುತ್ತಾರಂತೆ ಎಂದು ಆ ಜನವರಿಯಲ್ಲಿ ಸುದ್ದಿ ಬಂತು.

“ಎರಡೇ ಸೀಟು ಕಣ್ಲಾ ಸೀನ,” ಎಂದರು ಚಿಕ್ಕಪ್ಪ. “ಒಂದು ನಂದು. ಇನ್ನೊಂದು ಲೆಕ್ಕ ಬರ್ಕೊಳ್ಳೋನ್ದು. ತೋಪಿಂದ ತೋಪಿಗೆ ಹೆಂಗೆ ಹೋಯ್ತೀವಿ ನೋಡು!”

ಲೆಕ್ಕ ಬರೆದುಕೊಳ್ಳುವವನು ನಾನು. ಆ ಮಾತು ಕೇಳಿದ ಮೇಲೆ ಮೂರು ದಿನ ಹಿಗ್ಗಿಗೆ ನನಗೆ ಅನ್ನ ರುಚಿಸಲಿಲ್ಲ.

ಆದರೂ ನಾನು ಕ್ರಮದ ಮನುಷ್ಯ. ಕಾರಿನ ಬೆಲೆ ಕಟ್ಟುವುದು ಹೇಗೆಂದು ತಿಳಿದುಕೊಳ್ಳಲು ಮಾಲೂರಿಗೆ ಹೋಗಿ, ಬಸ್ಸು ರಿಪೇರಿ ಮಾಡುವ ಖಾದರ್ ಸಾಬರನ್ನು ಕಂಡೆ. ಹೆಂಚಿನ ಭಟ್ಟಿಯ ಹೊಗೆಯಲ್ಲಿ ಒಂದು ಬಸ್ಸಿನ ಕೆಳಗಿಂದ ಬರೀ ಅವರ ಕಾಲು ಕಾಣುತ್ತಿತ್ತು. ಕಾಲಿನೊಂದಿಗೇ ಮಾತಾಡಿದೆ.

“ಬಣ್ಣ ನೋಡಬೇಡ ತಮ್ಮಾ,” ಎಂದಿತು ಬಸ್ಸಿನ ಕೆಳಗಿನ ದನಿ. “ಬಣ್ಣ ನಾನೂ ಬಳೀತೀನಿ. ಟೈರಿನ ಪಕ್ಕಕ್ಕೆ ಉಗುರು ಒತ್ತು, ಬಿರುಕು ಬಿಟ್ಟದೆಯಾ ನೋಡು. ಮುಂದ್ಗಡೆ ಹ್ಯಾಂಡಲ್ ಹಾಕಿ ತಿರುಗ್ಸು. ನಿನ್ನ ಕೈಯನ್ನ ಅದು ವಾಪಸ್ ಒದೀಬೇಕು. ಒದೀಲಿಲ್ಲ ಅಂದ್ರೆ ಒಳಗೆ ದಮ್ಮಿಲ್ಲ. ಆಮೇಲೆ, ಚೆನ್ನಾಗಿ ಓಡೋ ಅಂಥದೇ ಗಾಡಿಗೆ ಏನು ಬೆಲೆಯೋ ಅದನ್ನ ಮೇಲೆ ಬರಿ. ಸತ್ತಿರೋದಕ್ಕೆಲ್ಲ ಏನು ಖರ್ಚೋ ಕೆಳಗೆ ಬರಿ. ಕಳಿ. ಉಳಿದದ್ದು ಬೆಲೆ.”

“ಅಷ್ಟೇನಾ?”

ಅವರು ತೆವಳಿಕೊಂಡು ಹೊರಗೆ ಬಂದು ಎದ್ದು ಕೂತರು. “ಎಲ್ಲಾದಕ್ಕಿಂತ ಮೊದ್ಲು ಒಂದು ಕೇಳು. ಎಷ್ಟು ದಿನದಿಂದ ನಿಂತಿದೆ? ಮನುಷ್ಯ ಓಡಿದ್ರೆ ಸವೀತಾನೆ. ಕಾರು ನಿಂತ್ರೆ ಸಾಯ್ತದೆ.”

ಇದಿಷ್ಟನ್ನೂ ಹಾಗೇ ಬರೆದುಕೊಂಡೆ. ಈಗಲೂ ಹೇಳುತ್ತೇನೆ, ಹಳೆಯ ಕಾರಿನ ವಿಷಯದಲ್ಲಿ ಇದಕ್ಕಿಂತ ಹೆಚ್ಚಿಗೆ ತಿಳಿಯಬೇಕಾದದ್ದು ಏನೂ ಇಲ್ಲ.

ಫೆಬ್ರವರಿಯ ಎರಡನೆಯ ವಾರ, ಮಂಗಳವಾರ, ಮುಳಬಾಗಿಲಿನ ಮಂಡಿಗೆ ಹೋದೆವು. ಕಾರು ಹಿಂದಿನ ಕೊಟ್ಟಿಗೆಯಲ್ಲಿ, ಹಣ್ಣು ಮಾಗಿಸುವ ಹುಲ್ಲಿನ ರಾಶಿಗಳ ನಡುವೆ ನಿಂತಿತ್ತು. ನಾರಾಯಣಪ್ಪ ಗೋಣಿತಾಟು ಎಳೆದರು. ಹೋದ ಬೇಸಿಗೆಯಲ್ಲಿ ಮಾಗಿದ ಮಾವಿನ ವಾಸನೆ ಇನ್ನೂ ಗಮ್ಮೆಂದಿತು. ಕಾರಿಗೆ ಮಾವಿನ ವಾಸನೆ! ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡು ಒಮ್ಮೆ ಮೂಸಿದರು. ಅವರು ಅಲ್ಲಿಯೇ ಅರ್ಧ ಸೋತರೆಂದು ಈಗ ಅನ್ನಿಸುತ್ತದೆ.

ನಾನು ಪುಸ್ತಕ ತೆಗೆದು ಮೊದಲ ಪ್ರಶ್ನೆ ಕೇಳಿದೆ. “ಎಷ್ಟು ದಿನದಿಂದ ನಿಂತಿದೆ?”

ಚಿಕ್ಕಪ್ಪ ಕಣ್ಣು ಕೆಂಪಗೆ ಮಾಡಿದರು. ಏನೂ ಕೇಳುವಂತಿಲ್ಲವಲ್ಲ! ನಾರಾಯಣಪ್ಪ ಮಾತ್ರ ನೇರವಾಗಿಯೇ ಹೇಳಿದರು: “ಸುಳ್ಳು ಯಾಕಪ್ಪ ಹೇಳ್ಲಿ? ಎರಡು ವರ್ಷ ಆಯ್ತು. ಯುದ್ಧದ ಗಲಾಟೇಲಿ ಪೆಟ್ರೋಲ್ ಕೂಪನ್ ಸಿಕ್ಕಲಿಲ್ಲ, ಮುಚ್ಚಿಟ್ಟುಬಿಟ್ಟೆ. ಅಲ್ಲಾಡಿಸಿಲ್ಲ.”

ನಾನು ‘ಎರಡು ವರ್ಷ’ ಎಂದು ಬರೆದು ಅಡಿಗೆರೆ ಎಳೆದೆ. ಅಷ್ಟರಲ್ಲಿ ಚಿಕ್ಕಪ್ಪ ನನ್ನ ರಟ್ಟೆ ಹಿಡಿದು ಹುಲ್ಲಿನ ರಾಶಿಯ ಹಿಂದಕ್ಕೆ ಎಳೆದುಕೊಂಡು ಹೋದರು. ಅವರ ಮುಖ ಅರಳಿತ್ತು.

“ಕೇಳಿದ್ಯೇನ್ಲಾ? ಎರಡು ವರ್ಷ! ಎರಡು ವರ್ಷ ಬಿಡುವು ಕೊಟ್ಟವ್ರೆ! ಒಂದು ವರ್ಷ ಬಿಡುವು ಕೊಟ್ರೇನೇ ಗಿಡ ಹೆಂಗೆ ಬಿಡ್ತದೆ ಅಂತ ನಿಂಗೆ ಗೊತ್ತಲ್ವಾ? ಇನ್ನು ಇದು ಹೆಂಗೆ ಓಡ್ತದೆ ಹೇಳು! ಆ ಮುಠ್ಠಾಳಂಗೆ ತಾನೇನು ಹೇಳ್ದೆ ಅನ್ನೋದೇ ತಿಳೀಲಿಲ್ಲ.”

ನಗಬೇಡಿ. ಐವತ್ತು ವರ್ಷ ಮಾವಿನ ಗಿಡವನ್ನೇ ನೋಡಿದ ಮನುಷ್ಯನಿಗೆ ಲೋಕದಲ್ಲಿ ವಿಶ್ರಾಂತಿಯಿಂದ ಕೆಡುವ ವಸ್ತುವೂ ಇದೆಯೆಂದು ತಿಳಿಯುವುದು ಹೇಗೆ? ನನಗೆ ತಿಳಿದಿತ್ತು. ಅವರು ಆ ಕಡೆ ತಿರುಗಿದಾಗ ಟೈರಿಗೆ ಉಗುರು ಒತ್ತಿದೆ. ಒಣಗಿದ ಕೆಸರಿನ ಹಾಗೆ ಬಿರುಕು ಬಿಟ್ಟಿತು. ಸೀಟಿನ ಹೊಲಿಗೆಯೊಳಗಿಂದ ಇಲಿ ಕೂಗಿತು. ಮೇಲೆ ಬರೆದೆ, ಕೆಳಗೆ ಬರೆದೆ, ಕಳೆದೆ. ನಾನೂರ ಐವತ್ತು ರೂಪಾಯಿ. ನ್ಯಾಯವಾದ ಬೆಲೆ ಅದು. ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಚ್ಚುಕಟ್ಟಾಗಿ ಬರೆದು ತಾರೀಖು ಹಾಕಿದೆ.

“ದುಡ್ಡು ಬೇಡ ಮುನಿಶಾಮಣ್ಣ,” ಎಂದರು ನಾರಾಯಣಪ್ಪ. “ಹೂವಲ್ಲೇ ಮುಗಿಸೋಣ. ಹುಡುಗ ಅದೇನೋ ಗಿಡದ ಲೆಕ್ಕ ಇಟ್ಟವ್ನಂತಲ್ಲ? ಕೊಡಪ್ಪ ನೋಡೋಣ.”

ಎಂಟು ವರ್ಷದಲ್ಲಿ ಆ ಪುಸ್ತಕವನ್ನು ನೋಡಬೇಕೆಂದು ಕೇಳಿದವರು ಅವರೊಬ್ಬರೇ. ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಅವರು ಬೆರಳನ್ನು ನಾಲಿಗೆಗೆ ತಾಗಿಸಿಕೊಂಡು ಪುಟ ತಿರುವಿದರು. “ಅಬ್ಬಬ್ಬಾ, ಏನು ಚೆನ್ನಾಗಿ ಬರ್ದಿದೀಯಪ್ಪ! ಅಚ್ಚು ಹಾಕಿದಂಗೈತೆ.” ನಾನು ಉಬ್ಬಿದೆ. ಕಣ್ಣು ತಪ್ಪುವವರಿಗೆ ಅನುಕೂಲವಾಗಲೆಂದು ಬಿಡುವಿನ ವರ್ಷಗಳನ್ನು ಕೆಂಪು ಶಾಯಿಯಲ್ಲಿ ಬರೆದಿರುವುದನ್ನೂ ಬೆರಳಿಟ್ಟು ತೋರಿಸಿದೆ. ಹಿಂದಿನ ವರ್ಷದ ಪುಟ ಕೆಂಪಾಗಿತ್ತು. ಹಾಗಾದರೆ ಈ ವರ್ಷ ಗಿಡ ಬಾಗುತ್ತದೆ.

ನಾರಾಯಣಪ್ಪ ಪುಸ್ತಕ ಮುಚ್ಚಿದರು. “ಈ ಇಪ್ಪತ್ತೆರಡು ಗಿಡದ ಈ ಸಲದ ಹೂವು ನಂಗೆ. ಕಾರು ನಿಮಗೆ.”

ಆ ಫಸಲು ಸಾವಿರದ ನೂರಕ್ಕೆ ಕಡಿಮೆಯಿರಲಿಲ್ಲ. ಅದು ನನ್ನ ಕೈಬರಹದಲ್ಲೇ ಇತ್ತು. ಅದಕ್ಕಿಂತ ದೊಡ್ಡ ಮಾತು, ಅದು ಚಿಕ್ಕಮ್ಮನ ಫಸಲು. ಅದರ ಮೇಲೆ ಒಂದು ಕೆಲಸ ನಿಂತಿತ್ತು. ಚಿಕ್ಕಪ್ಪನ ಮಗಳು ಪದ್ಮ ಆ ವರ್ಷ ಮಿಡ್ಲ್ ಸ್ಕೂಲು ಮುಗಿಸುತ್ತಿದ್ದಳು. ಹದಿಮೂರು ವರ್ಷ. ಲೆಕ್ಕದಲ್ಲಿ ನನಗಿಂತ ಚುರುಕು. ಬೇಸಿಗೆ ಕಳೆದ ಮೇಲೆ ಕೋಲಾರದ ಹೈಸ್ಕೂಲಿಗೆ ಸೇರಿಸಿ ಹಾಸ್ಟೆಲ್ಲಿನಲ್ಲಿ ಬಿಡಬೇಕೆಂದು ಚಿಕ್ಕಮ್ಮ ಆ ಫಸಲನ್ನೇ ನೆಚ್ಚಿಕೊಂಡಿದ್ದರು. ಈ ಸಲ ತಪ್ಪಿದರೆ ಮರುವರ್ಷ ಗಿಡಕ್ಕೆ ಬಿಡುವು. ಅದರ ಮರುವರ್ಷಕ್ಕೆ ಪದ್ಮನಿಗೆ ಹದಿನೈದು; ಆಮೇಲೆ ನಮ್ಮ ಕಡೆ ಹೆಣ್ಣುಮಗುವಿನ ವಿಷಯದಲ್ಲಿ ಶಾಲೆಯ ಮಾತು ಯಾರೂ ಎತ್ತುವುದಿಲ್ಲ, ಬೇರೆ ಮಾತು ಎತ್ತುತ್ತಾರೆ.

ಇದೆಲ್ಲ ನನಗೆ ಗೊತ್ತಿತ್ತು. ನಿಮ್ಮ ಮುಂದೆ ಮುಚ್ಚಿಡುವುದಿಲ್ಲ: ಪುಸ್ತಕವನ್ನು ಎದೆಗೆ ಅವುಚಿಕೊಂಡು ನಿಂತಿದ್ದ ನಾನು ಆಗ ನೋಡುತ್ತಿದ್ದದ್ದು ಆ ಎರಡನೆಯ ಸೀಟನ್ನು. ಅದರ ತೊಗಲು ಹರಿದಿತ್ತು. ಹೊಲಿಸಿದರೆ ಸರಿಹೋಗುತ್ತದೆ ಎಂದು ಯೋಚಿಸುತ್ತಿದ್ದೆ.

ಚಿಕ್ಕಪ್ಪ ಕಾರನ್ನು ಒಂದು ಸುತ್ತು ಬಂದರು. ಮುಟ್ಟಲಿಲ್ಲ. “ಆಯ್ತು,” ಎಂದರು. ನಾರಾಯಣಪ್ಪ ಎಲೆ ಅಡಿಕೆ ಕೊಟ್ಟರು.

ಕಾರು ತನ್ನಷ್ಟಕ್ಕೆ ಬರುವ ಹಾಗಿರಲಿಲ್ಲ. “ಬಿಡುವಲ್ಲಿತ್ತಲ್ಲ, ಮೈ ಜಡ ಹಿಡಿದೈತೆ,” ಎಂದರು ಚಿಕ್ಕಪ್ಪ. ಮುಂದೆ ಎತ್ತುಗಳನ್ನು ಕಟ್ಟಿದೆವು. ಅವರು ಚಕ್ರ ಹಿಡಿದು ಕೂತರು, ನಾನು ಪಕ್ಕದಲ್ಲಿ. ಕುರುಡುಮಲೆಯ ಕಡೆ ತಿರುಗಿ ಗಣಪತಿಗೆ ಒಂದು ಕಾಯಿ ಒಡೆಸಿದೆವು. ಅಷ್ಟು ದೊಡ್ಡ ಗಣಪತಿಯ ವಾಹನ ನಮ್ಮ ವಾಹನದ ಸೀಟಿನೊಳಗೆ ಸಂಸಾರ ಹೂಡಿಕೊಂಡಿರುವುದನ್ನು ನಾನು ಮಾತ್ರ ಬಲ್ಲೆ. ಅಲ್ಲಿಂದ ಹೊರಟ ಮೇಲೆ ಟೈರುಗಳು ಒಂದೊಂದಾಗಿ ಸಿಡಿದವು. ನಾಲ್ಕಕ್ಕೂ ಹುಲ್ಲು ತುಂಬಿದೆವು. ರಸ್ತೆ ಬದಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಒಬ್ಬ ಮುದುಕಿ ನಮ್ಮನ್ನು ನೋಡಿ ಕೈ ಅಡ್ಡ ಮಾಡಿ ನಿಲ್ಲಿಸಿ, “ಏಮಯ್ಯಾ, ಎದ್ದುಲಕು ಪೆಟ್ರೋಲು ಎಂತ ಪೋಸ್ತಾವು?” ಎಂದಳು. ಎತ್ತುಗಳಿಗೆ ಎಷ್ಟು ಪೆಟ್ರೋಲು ಹಾಕುತ್ತೀಯಪ್ಪ ಎಂದು! ಚಿಕ್ಕಪ್ಪ ನೆಟ್ಟಗೆ ಮುಂದೆ ನೋಡುತ್ತ, “ನೀ ಪನಿ ಚೂಸ್ಕೋವಮ್ಮಾ,” ಎಂದರು. ನಿನ್ನ ಕೆಲಸ ನೋಡಿಕೋ ಎಂದು. ಅವಳು ತನ್ನ ಕೆಲಸ ನೋಡಿಕೊಳ್ಳಲಿಲ್ಲ. ನಾವು ತಿರುವಿನಲ್ಲಿ ಮರೆಯಾಗುವವರೆಗೂ ನಗುತ್ತಲೇ ಇದ್ದಳು.

ಮನೆಯ ಮುಂದೆ ಇಳಿದಾಗ ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಹಿಂದೆ ಪದ್ಮ. ಚಿಕ್ಕಪ್ಪ ವ್ಯಾಪಾರದ ವಿವರ ಹೇಳಿದರು. ಚಿಕ್ಕಮ್ಮ ಕಾರನ್ನು ನೋಡಲಿಲ್ಲ, ಗಂಡನನ್ನು ನೋಡಿದರು.

“ಪದ್ಮನ ಸ್ಕೂಲು?”

“ಮುಂದಿನ ವರ್ಷ ನೋಡೋಣ.”

‘ನೋಡೋಣ’ ಎಂಬ ಮಾತನ್ನು ಚಿಕ್ಕಪ್ಪ ಎಷ್ಟು ಸಲ ಹೇಳಿದ್ದಾರೆಂದು ನಾನೊಂದು ವರ್ಷ ಲೆಕ್ಕವಿಟ್ಟಿದ್ದೆ. ನೂರ ಹದಿನಾರು. ಅದರಲ್ಲಿ ನೋಡಿದ್ದು ಒಂಬತ್ತು. ಚಿಕ್ಕಮ್ಮನಿಗೆ ಈ ಲೆಕ್ಕ ಪುಸ್ತಕವಿಲ್ಲದೆಯೇ ಗೊತ್ತಿತ್ತು. ಒಳಗೆ ಹೋದರು. ಚಿಕ್ಕಪ್ಪ ಕಾರಿಗಾಗಿ ಕೊಟ್ಟಿಗೆ ಖಾಲಿ ಮಾಡಿಸಿದರು. ಅದನ್ನು ಊರವರೆಗೆ ಎಳೆದುತಂದ ಎತ್ತುಗಳು ಬೇಲಿಯ ಪಕ್ಕದ ಬಿಸಿಲಿನಲ್ಲಿ ನಿಂತವು.

ಖಾದರ್ ಸಾಬರು ಮಾಲೂರಿನಿಂದ ಎರಡು ಸಲ ಬಂದು ಹೋದರು. ಮೊದಲ ಸಲ ಮೂತಿ ತೆಗೆದು ಒಳಗೆ ನೋಡಿ, ಒಂದು ಹಿಡಿ ಮಾವಿನ ಓಟೆ, ಇಲಿಯ ಗೂಡು ಹೊರಗೆ ಹಾಕಿ, ನನ್ನ ಮುಖ ನೋಡಿದರು. “ಕೇಳಿದ್ಯಾ ತಮ್ಮಾ, ಎಷ್ಟು ದಿನ ನಿಂತಿತ್ತು ಅಂತ?” “ಕೇಳಿದೆ.” ಅವರು ಮತ್ತೆ ಮೂತಿಯೊಳಗೆ ತಲೆ ಹಾಕಿದರು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು. ಎರಡನೆಯ ಸಲ ಎಲ್ಲಿಂದಲೋ ಒಂದು ಡಬ್ಬಿ ಪೆಟ್ರೋಲು ತಂದು, ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವೆತು, ಅಂತೂ ಅದನ್ನು ಕೆಮ್ಮಿಸಿದರು. ಚಿಕ್ಕಪ್ಪ ಹೊಸ ಪೇಟ ಸುತ್ತಿ ಹತ್ತಿದರು. ನಾನೂ ಹತ್ತಿದೆ. ಹುಲ್ಲಿನ ಟೈರಿನ ಮೇಲೆ ಕುಣಿಯುತ್ತ ಕಾರು ಆಂಜನೇಯನ ಗುಡಿಯ ಮೂಲೆಯವರೆಗೆ ಹೋಗಿ ನಿಂತಿತು. ನಿಂತದ್ದು ನಿಂತಿತು. ಮತ್ತೆ ಎತ್ತು ಬಂದವು. ಆಮೇಲೆ ಆ ದೂರವನ್ನು ನಡೆದು ಅಳೆದೆ: ಇನ್ನೂರ ಹದಿನಾಲ್ಕು ಹೆಜ್ಜೆ. 

ಆ ಬೇಸಿಗೆ ಗಿಡ ಬಿಟ್ಟ ಹಾಗೆ ಎಂದೂ ಬಿಟ್ಟಿರಲಿಲ್ಲ. ಕೊಂಬೆಗಳಿಗೆ ಊರುಗೋಲು ಕೊಡಬೇಕಾಯಿತು. ನಾರಾಯಣಪ್ಪನ ಆಳುಗಳು ಬಂದು ಕಿತ್ತರು. ಒಬ್ಬೊಬ್ಬನೂ ನನ್ನನ್ನು ಕಂಡು, “ಸಾಮೀ, ಏಳನೇ ನಂಬರ್ ಗಿಡ ಯಾವ್ದು?” ಎಂದು ಕೇಳುತ್ತಿದ್ದ. ನಾರಾಯಣಪ್ಪ ನಂಬರು ಸಹಿತ ಹೇಳಿ ಕಳಿಸಿದ್ದರು. ಚಿಕ್ಕಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಗಾಡಿಗಳು ಹೋಗುವುದನ್ನು ನೋಡುತ್ತಿದ್ದರು. ಪದ್ಮ ತರಗತಿಗೇ ಮೊದಲನೆಯವಳಾಗಿ ಪಾಸಾಗಿದ್ದಳು. ಆ ಸಂತೋಷಕ್ಕೆ ಮನೆಯಲ್ಲಿ ಒಂದು ಪಾಯಸವೂ ಆಗಲಿಲ್ಲ. ಆಳುಗಳು ಉದುರಿಸಿ ಬಿಟ್ಟುಹೋದ ಕಾಯನ್ನು ಅವಳೇ ಆರಿಸಿ ತಂದು ಉಪ್ಪಿನಕಾಯಿಗೆ ಹೆಚ್ಚುತ್ತಿದ್ದಳು. ನನ್ನ ಜೊತೆ ಮಾತು ಬಿಟ್ಟಿದ್ದಳು. ನಾನೇನು ಮಾಡಿದೆನಮ್ಮ ಎಂದು ಒಂದು ದಿನ ಕೇಳಿದ್ದಕ್ಕೆ, “ಏನೂ ಮಾಡ್ಲಿಲ್ಲ ಕಣಣ್ಣ,” ಎಂದಳು. ಅದನ್ನು ಅವಳು ಹೇಳಿದ ರೀತಿಗೆ ನನಗೆ ಇವತ್ತೂ ಸಿಟ್ಟಿದೆ.

ಶಾಲೆ ತೆರೆಯಲು ಹತ್ತು ದಿನವಿತ್ತು. ಚಿಕ್ಕಪ್ಪ ತೋಪುಗಳ ಕಡೆ ಹೋಗಿದ್ದರು. ಚಿಕ್ಕಮ್ಮ ನನ್ನನ್ನು ಕೊಟ್ಟಿಗೆಗೆ ಕರೆದರು. ಕೈಯಲ್ಲಿ ಹಾಸ್ಟೆಲ್ಲಿನಿಂದ ಬಂದ ಕಾಗದ.

“ಸೀನು, ಇದನ್ನ ಮಾರಿದ್ರೆ ಏನು ಬರ್ತದೋ?”

ನಾನು ಹುರುಪಿನಿಂದ ಪುಸ್ತಕ ಬಿಚ್ಚಿದೆ. “ನೋಡಿ ಚಿಕ್ಕಮ್ಮ, ಟೈರು ಹಾಕಿಸಿ, ಬ್ಯಾಟರಿ ಹಾಕಿಸಿ, ಪೆಟ್ರೋಲ್ ಕೂಪನ್ ಹೋಗೋವರೆಗೂ ಕಾದ್ರೆ ಎಂಟುನೂರಕ್ಕೆ...”

“ನಾನು ಕೇಳಿದ್ದು ಇವತ್ತು.”

“ಇವತ್ತು ಮಾರೋದು ಅನ್ಯಾಯ ಚಿಕ್ಕಮ್ಮ.”

“ಅನ್ಯಾಯ ಅಂದ್ರೆ ಏನು ಅಂತ ನೀನು ನಂಗೆ ಹೇಳ್ಕೊಡಬೇಡ. ಆ ಮಾಲೂರಿನ ಸಾಬರಿಗೆ ಬರೋಕೆ ಹೇಳು.”

ಮರುದಿನ ಚಿಕ್ಕಪ್ಪ ಮನೆಯಲ್ಲಿಲ್ಲದ ಹೊತ್ತಿಗೆ ಖಾದರ್ ಸಾಬರು ಬಂದರು. ಚಿಕ್ಕಮ್ಮ ಬಾಗಿಲ ಮರೆಯಲ್ಲಿ ನಿಂತು ಮಾತಾಡುವವರು. ಅವತ್ತು ಅಂಗಳಕ್ಕೇ ಬಂದು ನಿಂತರು. “ನೂರೈವತ್ತು ಕೊಡಪ್ಪ, ತಗೊಂಡು ಹೋಗು,” ಎಂದರು. ಹಾಸ್ಟೆಲ್ಲಿನ ಕಾಗದದಲ್ಲಿದ್ದ ಒಂದು ವರ್ಷದ ಮೊತ್ತ ಅದು. ನಾನು ತಲೆ ಚಚ್ಚಿಕೊಂಡೆ. ಬೆಲೆಯನ್ನು ಹೀಗೆಯೇ ಕಟ್ಟುವುದು? ಮೇಲೆ ಬರೆಯುವುದಿಲ್ಲವೇ, ಕೆಳಗೆ ಬರೆಯುವುದಿಲ್ಲವೇ?

ಖಾದರ್ ಸಾಬರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ಅದು ಸರಿಯಲ್ಲ ತಾಯಿ. ಎಂಜಿನ್ನು ಬಿಚ್ಚಿ ನೀರೆತ್ತೋಕೆ ಹಾಕ್ತೀನಿ ಅಂತ ಲೆಕ್ಕ ಹಾಕ್ಕೊಂಡು ಬಂದೆ. ಮುನ್ನೂರು ತಂದಿದೀನಿ.”

ಚಿಕ್ಕಮ್ಮ ಹಾಸ್ಟೆಲ್ಲಿನ ಕಾಗದವನ್ನು ಇನ್ನೊಮ್ಮೆ ನೋಡಿದರು. “ಹಂಗಾದ್ರೆ ಮುನ್ನೂರೇ ಕೊಡು. ಎರಡನೇ ವರ್ಷಕ್ಕೂ ಆಯ್ತು.”

ಸಾಬರು ಕಾರನ್ನು ಬಸ್ಸಿನ ಹಿಂದೆ ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ಎತ್ತುಗಳನ್ನು ಪದ್ಮ ತಂದು ಕೊಟ್ಟಿಗೆಯಲ್ಲಿ ಕಟ್ಟಿದಳು.

ಸಂಜೆ ಚಿಕ್ಕಪ್ಪ ಬಂದರು. ಕೊಟ್ಟಿಗೆಯ ಮುಂದೆ ನಿಂತು ನೋಡಿ ಒಳಗೆ ಬಂದರು. ನಡುಮನೆಯಲ್ಲಿ ಪದ್ಮ ಟ್ರಂಕಿಗೆ ಬಟ್ಟೆ ಜೋಡಿಸುತ್ತಿದ್ದಳು. ಚಿಕ್ಕಮ್ಮ ಮಡಚಿ ಮಡಚಿ ಕೊಡುತ್ತಿದ್ದರು.

“ಯಾರು ಮಾರಿದ್ದು?”

“ನಾನು,” ಎಂದರು ಚಿಕ್ಕಮ್ಮ.

“ಎಷ್ಟಕ್ಕೆ?”

“ಎರಡು ವರ್ಷದ ಓದಿಗೆ.”

ಚಿಕ್ಕಮ್ಮ ಲಂಗ ಮಡಚುವುದನ್ನು ನಿಲ್ಲಿಸಿರಲಿಲ್ಲ. ಹೆಂಡತಿಯ ಮೇಲೆ ಹೊರಡಬೇಕಾದ ಸಿಟ್ಟು ಅಲ್ಲಿ ದಾರಿ ಕಾಣದೆ ನನ್ನ ಕಡೆ ತಿರುಗಿತು.

“ಲೇ ಸೀನ. ಅದು ಏನು ಬಾಳ್ತದೆ ಅಂತ ನಿಂಗೆ ಗೊತ್ತಿತ್ತೇನ್ಲಾ?”

“ಗೊತ್ತಿತ್ತು. ನಾನೂರೈವತ್ತು. ಮಂಡೀಲೇ ಬರ್ಕೊಂಡಿದ್ದೆ.”

“ಬರ್ಕೊಂಡಿದ್ಯಾ?” ಅವರ ದನಿ ಬಿರಿಯಿತು. “ಬರ್ಕೊಂಡಿದ್ದನಂತೆ! ಬಾಯಿಬಿಟ್ಟು ಹೇಳೋಕೆ ಏನಾಗಿತ್ತೋ ನಿಂಗೆ?”

ಎಂಟು ವರ್ಷ ಅವರ ಅನ್ನ ಉಂಡು ಒಂದು ಸಲವೂ ದನಿ ಎತ್ತಿದವನಲ್ಲ ನಾನು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅದಕ್ಕೇ ಇರಬೇಕು, ಮೈಯೆಲ್ಲ ಉರಿದುಹೋಯಿತು.

“ನೀವು ನನ್ನನ್ನ ಕೇಳಿದ್ರಾ?” ಎಂದು ಕಿರುಚಿದೆ. “ಕೇಳಿದ್ರಾ ಚಿಕ್ಕಪ್ಪ? ಒಂದು ಸಲ ಕೇಳಿದ್ರಾ?”

“ನನ್ನನ್ನೂ ಯಾರೂ ಕೇಳ್ಲಿಲ್ಲ,” ಎಂದಳು ಪದ್ಮ.

ಅವಳು ತಲೆ ಎತ್ತಿರಲಿಲ್ಲ. ಟ್ರಂಕಿನ ಮೂಲೆಯಲ್ಲಿ ಒಂದೆರಡು ಪುಸ್ತಕ ಕೂರಿಸುತ್ತಿದ್ದಳು. ಚಿಕ್ಕಪ್ಪನೂ ನಾನೂ ನಡುಮನೆಯಲ್ಲಿ ಮುಖಕ್ಕೆ ಮುಖ ಕೊಟ್ಟು ನಿಂತವರು ಹಾಗೆಯೇ ನಿಂತುಬಿಟ್ಟೆವು. ಅಷ್ಟು ತಿಂಗಳು ಕಾರಿನ ಬೆಲೆ, ಹೂವಿನ ಬೆಲೆ, ಟೈರಿನ ಬೆಲೆ ಎಂದು ಬಡಿದಾಡಿದ ಆ ಮನೆಯಲ್ಲಿ ಯಾವ ಗಂಡಸಿಗೂ ತೋಚದೇ ಹೋದ ಕೆಲಸವನ್ನು ಚಿಕ್ಕಮ್ಮ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಮಾಡಿದರು.

“ಈಗ ನಾನು ಕೇಳ್ತಾ ಇದೀನಿ. ಹೋಗ್ತೀಯೇನೇ?”

“ಹೋಗ್ತೀನಿ,” ಎಂದು ಪದ್ಮ ಟ್ರಂಕಿನ ಮುಚ್ಚಳ ಹಾಕಿ, ಅದು ಕೂರಲಿಲ್ಲವೆಂದು ಅದರ ಮೇಲೆ ತಾನೇ ಹತ್ತಿ ಕೂತಳು.